ಕಪ್ಪೆಯ ಕೂಗನ್ನು ಕಲಿಯುವ ಬಾವಲಿ

ಬಾವಲಿಗೆ ಕಣ್ಣು ಕಾಣದು ಎಂಬ ಮಾತನ್ನು ನಾನೂ ಬಹುಕಾಲ ನಂಬಿದ್ದೆ. ಕಾಣುತ್ತದೆ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಂತೂ ಹೆಚ್ಚಾಗಿ ಕಣ್ಣು, ಮೂಗುಗಳನ್ನೇ ನೆಚ್ಚಿಕೊಂಡಿವೆ. ಕೀಟ ಹಿಡಿಯುವ ಬಾವಲಿಗಳು ಮಾತ್ರ ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ ಕೂಗಿ, ಮರಳುವ ಪ್ರತಿಧ್ವನಿಯಿಂದ ಬೇಟೆಯನ್ನು ಗುರುತಿಸುತ್ತವೆ ಎಂಬುದನ್ನು ಡೊನಾಲ್ಡ್ ಗ್ರಿಫಿನ್ ಮತ್ತು ರಾಬರ್ಟ್ ಗಲಾಂಬೋಸ್ 1940ರ ಆಸುಪಾಸಿನಲ್ಲಿ ಪ್ರಯೋಗಗಳಿಂದ ತೋರಿಸಿದರು. ಸುಮಾರು 1.7 ಮೀಟರ್ ದೂರದ ಪತಂಗಕ್ಕೆ ತಾಗಿದ ಸದ್ದು ಹಿಂದಿರುಗಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಬೇಟೆ ಸಮೀಪಿಸಿದಂತೆ ಕೂಗುಗಳು ಒತ್ತೊತ್ತಾಗುತ್ತ, ಕೊನೆಯ ಗಳಿಗೆಯಲ್ಲಿ ಸೆಕೆಂಡಿಗೆ 150ನ್ನೂ ಮೀರುತ್ತವೆ. ತನ್ನದೇ ಅಬ್ಬರಕ್ಕೆ ಕಿವಿ ಕೆಡದಿರಲೆಂದು, ಪ್ರತಿ ಕೂಗಿನ ಹೊತ್ತಿಗೂ ನಡುಗಿವಿಯ ಪುಟ್ಟ ಸ್ನಾಯು ಬಿಗಿದು ಮತ್ತೆ ಸಡಿಲಗೊಳ್ಳುತ್ತದೆ.

ಇಷ್ಟಾದರೂ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು, ತಾನು ಕೂಗಿ ಹುಡುಕುವುದಕ್ಕಿಂತ ಪರರ ಕೂಗಿಗೆ ಕಿವಿಗೊಡುವ ಬಾವಲಿ. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಕಾಡುಗಳ ಈ ಬಾವಲಿಯ ತುಟಿಯ ಸುತ್ತ ಸಣ್ಣ ಗಂಟುಗಳಿರುತ್ತವೆ. ಇದು ಗಂಡು ಟುಂಗಾರ ಕಪ್ಪೆ ಹೆಣ್ಣನ್ನು ಕರೆಯುವ ಸದ್ದನ್ನೇ ಹಿಂಬಾಲಿಸಿ ಬರುತ್ತದೆ. ಎಳೆದು ಕೂಗುವ ಸ್ವರಕ್ಕೆ ಗಂಡು ಒಂದೆರಡು ಗಿಡ್ಡ ಸದ್ದುಗಳನ್ನು ಸೇರಿಸಿದರೆ ಹೆಣ್ಣುಕಪ್ಪೆಗೆ ಮೆಚ್ಚು. ದುರದೃಷ್ಟವಶಾತ್ ಬಾವಲಿಗೂ ಅದೇ ಮೆಚ್ಚು.

ಯಾವ ಕೂಗು ಊಟ, ಯಾವುದು ವಿಷ ಎಂಬ ತಿಳಿವಳಿಕೆಯಲ್ಲಿ ಕಲಿಕೆಗೂ ದೊಡ್ಡ ಪಾಲಿದೆ. ರೇಚಲ್ ಪೇಜ್ ಮತ್ತು ಮೈಕೆಲ್ ರಯಾನ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾವಲಿಗಳು ಸಾಮಾನ್ಯವಾಗಿ ದೂರವಿಡುವ ವಿಷದ ನೆಲಗಪ್ಪೆಯ ಕೂಗನ್ನು ಸ್ಪೀಕರಿನಲ್ಲಿ ನುಡಿಸಿ, ಅದರೊಂದಿಗೆ ತಿನಿಸನ್ನು ಇಡಲಾಗಿತ್ತು. ಪಳಗಿದ ಬಾವಲಿಯೊಂದನ್ನು ಗಮನಿಸುವ ಅವಕಾಶ ಸಿಕ್ಕವು ಸರಾಸರಿ ಐದಾರು ಪ್ರಯತ್ನಗಳಲ್ಲೇ ಹೊಸ ಪಾಠ ಕಲಿತವು. ತಾವಾಗಿಯೇ ಕಲಿಯಬೇಕಾದವುಗಳಿಗೆ ನೂರರ ಸಮೀಪದಷ್ಟು ಪ್ರಯತ್ನಗಳು ಬೇಕಾದವು. ಇನ್ನೊಂದು ಅಧ್ಯಯನದಲ್ಲಿ ಫೋನಿನ ರಿಂಗ್‌ಟೋನಿಗೆ ಪಳಗಿಸಿ ಕಾಡಿಗೆ ಬಿಟ್ಟವು, ಒಂದರಿಂದ ನಾಲ್ಕು ವರ್ಷಗಳ ನಂತರ ಮತ್ತೆ ಸಿಕ್ಕಾಗಲೂ ಆ ಸದ್ದನ್ನು ಮರೆತಿರಲಿಲ್ಲ. ಸುಮಾರು ಮೂವತ್ತು ಗ್ರಾಂ ತೂಗುವ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿಯೊಂದಕ್ಕೆ ನೆನಪು ಇಷ್ಟು ಗಟ್ಟಿ ಎಂದರೆ ನಂಬಲು ಕಷ್ಟವೆನಿಸೀತು.

ಕಪ್ಪೆಯೂ ಸುಮ್ಮನಿರುವುದಿಲ್ಲ: ಮೇಲೆ ಬಾವಲಿ ಸುಳಿದರೆ ಥಟ್ಟನೆ ಕೂಗು ನಿಲ್ಲಿಸುತ್ತದೆ. ಆದರೆ ಕೂಗುವಾಗ ಅದರ ಉಬ್ಬಿದ ಗಂಟಲು ನೀರಿನಲ್ಲಿ ಎಬ್ಬಿಸಿದ ಅಲೆಗಳು ಒಡನೆ ತಣಿಯುವುದಿಲ್ಲ. ಸದ್ದು ಅಡಗಿದ ಮೇಲೂ ಕೆಲವು ಸೆಕೆಂಡು ಹರಡುತ್ತಲೇ ಇರುವ ಆ ಉಂಗುರಗಳನ್ನು ಬಾವಲಿ ಪ್ರತಿಧ್ವನಿಯಿಂದ ಪತ್ತೆಹಚ್ಚುತ್ತದೆ.