ಕ್ಯಾಶ್ ಗೇಮ್ ನಿಂತ ಶುಕ್ರವಾರ

2025ರ ಆಗಸ್ಟ್ 22. ಗೌರಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಮೊಬೈಲ್ ರಿಪೇರಿ ಅಂಗಡಿಗೆ ಅವತ್ತು ಡಿಸ್‌ಪ್ಲೇ ಒಡೆದುಕೊಂಡು ಬಂದವರಿಗಿಂತ ಒಂದೇ ಪ್ರಶ್ನೆ ಹೊತ್ತು ಬಂದವರು ಜಾಸ್ತಿ. "ಅಣ್ಣ, ರಮ್ಮಿ ಆ್ಯಪ್ ಓಪನ್ ಆಗ್ತಿದೆ, ಟೇಬಲ್‌ಗೆ ಕೂರೋಕೆ ಬಿಡ್ತಿಲ್ಲ. ಒಳಗಿರೋ ದುಡ್ಡು ಹೋಯ್ತಾ?"

ಹೋಗಿರಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 20ರಂದು ಲೋಕಸಭೆ, 21ರಂದು ರಾಜ್ಯಸಭೆಯ ಒಪ್ಪಿಗೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಪೋಡಿ ದುರಸ್ತಿಗೆ ಹತ್ತು ವರ್ಷ ಅಲೆಸುವ ದೇಶದಲ್ಲಿ ಮೂರೇ ದಿನಕ್ಕೆ ಒಂದು ಕಾನೂನು! ದೊಡ್ಡ ಕಂಪನಿಗಳು ಕ್ಯಾಶ್ ಟೇಬಲ್ ಮುಚ್ಚಿದರೂ ವಿತ್‌ಡ್ರಾ ಬಟನ್ ಉಳಿಸಿದ್ದವು. ಆದರೂ ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಪೊಲೀಸರ ಹೆದರಿಕೆಗೆ ಆ್ಯಪನ್ನೇ ಕಿತ್ತುಹಾಕಿ ಬಂದಿದ್ದರು. ಆ ಹೆದರಿಕೆಗೆ ಕಾರಣವೇ ಇರಲಿಲ್ಲ. ಈ ಕಾನೂನಿನಲ್ಲಿ ಶಿಕ್ಷೆ ಆಡಿದವನಿಗಲ್ಲ, ಆಡಿಸಿದವನಿಗೆ: 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಹಣದ ವಹಿವಾಟು ನಡೆಸಿಕೊಟ್ಟವರೂ ತಪ್ಪಿಸಿಕೊಳ್ಳುವಂತಿಲ್ಲ. ಹಾಗಾಗಿ ಮೊದಲ ಕೆಲಸ, ತೆಗೆದ ಆ್ಯಪನ್ನು ಹಳೇ ನಂಬರಿನಲ್ಲೇ ಮತ್ತೆ ಹಾಕಿ ಲಾಗಿನ್ ಆಗುವುದು.

ವಾಲೆಟ್‌ನಲ್ಲಿ ಸಾಮಾನ್ಯವಾಗಿ ಮೂರು ಮೊತ್ತ ಕಾಣುತ್ತವೆ: ಕಟ್ಟಿದ್ದು, ಗೆದ್ದದ್ದು, ಬೋನಸ್. ಮೊದಲೆರಡು ಕೈಗೆ ಬರುತ್ತವೆ, ಬೋನಸ್ ಬರುವುದಿಲ್ಲ. ಜಗಳವೆಲ್ಲ ಇಲ್ಲೇ. "ನಾನು ನೂರು ಕಟ್ಟಿದ್ದೆ, 78 ತೋರಿಸ್ತಿದೆ" ಅನ್ನುತ್ತಾರೆ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ 28% ಜಿಎಸ್‌ಟಿ ಇತ್ತು. ನೂರು ರೂಪಾಯಿಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ ಅದನ್ನು 128ರಿಂದ ಭಾಗಿಸಿ 100ರಿಂದ ಗುಣಿಸಬೇಕು: 78 ರೂಪಾಯಿ 12 ಪೈಸೆ ಆಟಕ್ಕೆ, 21 ರೂಪಾಯಿ 88 ಪೈಸೆ ಸರ್ಕಾರಕ್ಕೆ. ಗಿರಾಕಿ ಓಡಿಹೋಗದಿರಲಿ ಅಂತ ಕಂಪನಿಗಳು ಆ 22 ರೂಪಾಯಿಯನ್ನು ಬೋನಸ್ ಹೆಸರಲ್ಲಿ ತುಂಬಿಕೊಡುತ್ತಿದ್ದವು. ಅದು ಆಡಲಿಕ್ಕೆ ಮಾತ್ರ ದುಡ್ಡು. ಎರಡು ವರ್ಷ ಇದೇ ಆಟದಿಂದ ತೆರಿಗೆ ಎಣಿಸಿಕೊಂಡ ಸರ್ಕಾರ ಸಂಸಾರಗಳು ಹಾಳಾಗುತ್ತಿವೆ ಅಂತ ಏಕಾಏಕಿ ಮರುಗಿದ್ದನ್ನು ನೋಡಿ ನಗು ಬಂತು. ಹಾಳಾಗುತ್ತಿದ್ದದ್ದೇನೋ ನಿಜ.

ವಿತ್‌ಡ್ರಾ ಕೊಟ್ಟರೆ ಫೇಲ್ ಆಗುವುದು ಬಹುಪಾಲು ಹೆಸರಿನ ಗೊಂದಲದಿಂದ. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಪಾಸ್‌ಬುಕ್‌ನಲ್ಲಿ ಒಂದೇ ಇನಿಷಿಯಲ್. ಯುಪಿಐ ಐಡಿ ಒಪ್ಪದಿದ್ದರೆ ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಕೊಡಬೇಕು. ಅಲ್ಲೂ ನಮ್ಮ ಕಡೆಗೆ ವಿಶೇಷವಾದ ಒಂದು ಎಡವಟ್ಟು ಇದೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಮನೆಯ ಬೀರುವಿನಲ್ಲಿರುವ ಪಾಸ್‌ಬುಕ್ ಮಾತ್ರ ಇನ್ನೂ ಹಳೆಯದು, ಅದರಲ್ಲಿರುವ ಕೋಡ್ ಸತ್ತು ವರ್ಷಗಳಾಗಿವೆ. ಹೊಸ ಕೋಡ್ ಹಾಕಿದರೆ ಹಣ ಖಾತೆಗೆ ಬರುತ್ತದೆ.

ಇನ್ನು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. "30 ಪರ್ಸೆಂಟ್ ಹಿಡೀತಾರಂತೆ" ಅಂತ ಗಾಬರಿ. ಹಿಡಿಯುವುದು ತೆಗೆಯುವ ಹಣದ ಮೇಲಲ್ಲ, ನಿವ್ವಳ ಗೆಲುವಿನ ಮೇಲೆ: ಏಪ್ರಿಲ್‌ನಿಂದ ತೆಗೆದದ್ದೆಲ್ಲ ಕೂಡಿಸಿ, ಅದರಲ್ಲಿ ಈ ವರ್ಷ ಕಟ್ಟಿದ್ದನ್ನೂ ವರ್ಷದ ಶುರುವಿನಲ್ಲಿ ವಾಲೆಟ್‌ನಲ್ಲಿ ಇದ್ದದ್ದನ್ನೂ ಕಳೆಯಬೇಕು. 20,000 ಕಟ್ಟಿ, ಮೊದಲು 9,000 ತೆಗೆದು, ಈಗ 6,000 ತೆಗೆಯುವವನಿಗೆ ಕಡಿತವೇ ಇಲ್ಲ. ಅವನು 5,000 ಸೋತಿದ್ದಾನೆ. 5,000 ಕಟ್ಟಿ 12,000 ತೆಗೆದವನಿಗೆ 7,000ದ ಮೇಲೆ 2,100 ಹೋಗುತ್ತದೆ. ಕಡಿತವಾಗುವುದಿಲ್ಲ ಅಂತ ಗೊತ್ತಾದಾಗ ಖುಷಿಪಟ್ಟವರ ಮುಖ, ಯಾಕೆ ಅಂತ ಅರ್ಥವಾದಾಗ ಇಳಿದುಹೋಯಿತು. ಅಷ್ಟು ದಿನ ಅವರು ಗೆದ್ದ ಕೈಗಳನ್ನಷ್ಟೇ ಎಣಿಸಿದ್ದರು.

ಅವತ್ತು ಮೋಸಗಾರರಿಗೂ ಸುಗ್ಗಿ. ವಿತ್‌ಡ್ರಾ ಫೇಲ್ ಆದ ಕೂಡಲೇ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ, ಎತ್ತುವವನು "ರೀಫಂಡ್ ಫಾರಂ" ಅಂತ ಒಂದು ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಫೈಲ್) ಕಳಿಸುತ್ತಾನೆ, ಇಲ್ಲವೇ ಸ್ಕ್ರೀನ್ ಹಂಚಿಕೊಳ್ಳಲು ಹೇಳುತ್ತಾನೆ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಆ್ಯಪ್ ಒಳಗಿನ ಸಹಾಯ ವಿಭಾಗ ಬಿಟ್ಟು ಬೇರೆಲ್ಲೂ ಹೋಗಬಾರದು.

ಹಣ ಖಾತೆಗೆ ಬಿದ್ದ ಮೇಲೆ, ಸ್ಟೇಟ್‌ಮೆಂಟ್ ಉಳಿಸಿಕೊಂಡು ಆ್ಯಪ್ ತೆಗೆಯಬಹುದು. ಅಲ್ಲಿಗೇ ಬಿಟ್ಟರೆ ಅರ್ಧ ಕೆಲಸ. ಇಂಥ ಆ್ಯಪ್‌ಗಳು ಎಷ್ಟೋ ವರ್ಷ ಪ್ಲೇ ಸ್ಟೋರ್‌ನಲ್ಲಿ ಇರಲಿಲ್ಲ. ಕ್ರೋಮ್‌ನಿಂದ ನೇರ ಇಳಿಸಿಕೊಳ್ಳಲು ಅವತ್ತು ಕೊಟ್ಟ ಅನುಮತಿ ಇವತ್ತೂ ತೆರೆದೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ ಅಂತ ಬಂದ ಎಪಿಕೆ ಒತ್ತಿ ಓಟಿಪಿ ಕಳೆದುಕೊಂಡವರ ಫೋನಿನಲ್ಲಿ ಇಂಥದೇ ಬಾಗಿಲು ತೆರೆದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ ಕ್ರೋಮ್, ವಾಟ್ಸ್‌ಆ್ಯಪ್, ಫೈಲ್ ಮ್ಯಾನೇಜರ್ ಮೂರಕ್ಕೂ ಆಫ್ ಮಾಡಬೇಕು. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿ ಕಂಡರೆ ಆ ಆ್ಯಪ್ ಫೋನಿನ ಮೇಲೆ ಹೆಚ್ಚಿನ ಅಧಿಕಾರವಿರುವ ಡಿವೈಸ್ ಅಡ್ಮಿನ್ ಆಗಿ ಕೂತಿದೆ. ಮೊದಲು ಅಲ್ಲಿಂದ ಇಳಿಸಬೇಕು. ಆಮೇಲೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ, ಅಂದರೆ ಖಾತೆಯಿಂದ ತಾನಾಗಿ ಕಡಿತವಾಗುವ ಪಾವತಿಗಳನ್ನು ನೋಡಬೇಕು. ರಮ್ಮಿಗಿಂತ ಅಲ್ಲಿ ಸಿಗುವುದು ಸಾಲದ ಆ್ಯಪ್‌ಗಳ ಕಂತು. ಸೋತ ರಾತ್ರಿ ಹನ್ನೆರಡಕ್ಕೆ ತೆಗೆದ ಐದು ಸಾವಿರ. ಆಟೋಪೇ ರದ್ದು ಮಾಡಿದ ಮಾತ್ರಕ್ಕೆ ಸಾಲ ತೀರುವುದಿಲ್ಲ, ಬಡ್ಡಿ ಏರುತ್ತದೆ ಅಂತ ಬಿಡಿಸಿ ಹೇಳಬೇಕಾಗುತ್ತದೆ.

ನಿಷೇಧ ನಮಗೆ ಹೊಸದಲ್ಲ. ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು, ಅದೇ ವರ್ಷ ಸಾರಾಯಿಯೂ. 2021ರಲ್ಲಿ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ನಿಲ್ಲಿಸಲು ಹೋದರೆ, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ, ಎಲೆ ಬಿದ್ದದ್ದು ನೆನಪಿಟ್ಟುಕೊಳ್ಳಬೇಕಲ್ಲ. ಹಬ್ಬದ ರಾತ್ರಿ ಜಗಲಿಯ ಮೇಲೆ ಆಡುವ ರಮ್ಮಿಗೆ ಆ ಮಾತು ಸರಿ. ಅಲ್ಲಿ ಜೇಬು ಖಾಲಿಯಾದರೆ ಎದ್ದು ಹೋಗಬೇಕು. ಫೋನಿನಲ್ಲಿ ಎಲೆ ಅವೇ, ಆದರೆ ಜೇಬಿಗೆ ತಳವಿಲ್ಲ. "ಆ್ಯಡ್ ಕ್ಯಾಶ್" ಒತ್ತಿದರೆ ಹತ್ತು ಸೆಕೆಂಡಿಗೆ ಮತ್ತೆ ಟೇಬಲ್. ಹೊಸ ಕಾನೂನು ಕೌಶಲವೋ ಅದೃಷ್ಟವೋ ಅನ್ನುವ ಹಳೇ ಜಗಳ ಬಿಟ್ಟು, ಹಣ ಕಟ್ಟಿ ಹಣ ಗೆಲ್ಲುವುದೋ ಅಲ್ಲವೋ ಅಂತ ಕೇಳಿದ್ದು ನನ್ನ ಮಟ್ಟಿಗೆ ಸರಿಯಾದ ಪ್ರಶ್ನೆ.

ಅದೇ ಪ್ರಶ್ನೆಯಿಂದ ಒಂದು ಸಂದಿಯೂ ಉಳಿದಿದೆ. ಸಂಜೆ ಕಾಲೇಜು ಹುಡುಗರು ಬಂದು "ಅಣ್ಣ, ಬಿಜಿಎಂಐ ಕೂಡ ಬ್ಯಾನಾ?" ಅಂದರು. ಪಬ್ಜಿಯ ಭಾರತದ ಆವೃತ್ತಿ ಅದು, ಬಂದೂಕಿನ ಆಟ. ಇಲ್ಲ, ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳಿಗೆ, ಈ ಕಾನೂನಿನಲ್ಲಿ ಮಾನ್ಯತೆಯೇ ಇದೆ. ಅವರ ಭಯ ಮಾತ್ರ ನ್ಯಾಯವಾದದ್ದು: 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ, 2022ರ ಜುಲೈನಲ್ಲಿ ಬಿಜಿಎಂಐ, ಒಂದೊಂದು ಸಲವೂ ರಾತ್ರೋರಾತ್ರಿ ಹೋದವು, ಎರಡನೆಯದು 2023ರಲ್ಲಿ ವಾಪಸ್ ಬಂತು. ಫ್ರೀ ಫೈರ್ ನಿಷೇಧವಾದಾಗ ಅದರ ಮ್ಯಾಕ್ಸ್ ಆವೃತ್ತಿ ಉಳಿದೇ ಇತ್ತು, ಹುಡುಗರು ಸಲೀಸಾಗಿ ಅಲ್ಲಿಗೆ ದಾಟಿದರು. ಈಗಲೂ ಬಿಜಿಎಂಐನಲ್ಲಿ ಯುಸಿ (ಆಟದೊಳಗಿನ ನಾಣ್ಯ) ಕೊಂಡು ಕ್ರೇಟ್ (ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ) ಒಡೆದರೆ ಬೇಕಾದ ಬಂದೂಕಿನ ಬಣ್ಣ ಬರಬಹುದು, ಬರದೆಯೂ ಇರಬಹುದು. ದುಡ್ಡು ತಿರುಗಿ ಬರುವ ಆಸೆ ಇಲ್ಲದ್ದರಿಂದ ಅದು ಕಾನೂನಿನ ಕಣ್ಣಿಗೆ ಜೂಜಲ್ಲ. ಅಪ್ಪನ ಫೋನಿನಲ್ಲಿ ಆಡುವ ಮಕ್ಕಳಿದ್ದರೆ, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಉಳಿಸಿಟ್ಟ ಕಾರ್ಡ್ ತೆಗೆದುಬಿಡುವುದು ಒಳ್ಳೆಯದು.

ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ, ಬೆಳಗ್ಗೆಯಷ್ಟೇ ಆ್ಯಪ್ ತೆಗೆಸಿದ್ದವನೊಬ್ಬ ವಾಪಸ್ ಬಂದ. ಟೆಲಿಗ್ರಾಂನಲ್ಲಿ ಹೊಸ ಲಿಂಕ್ ಬಂದಿತ್ತು: ಜಿಎಸ್‌ಟಿ ಇಲ್ಲ, ಟಿಡಿಎಸ್ ಇಲ್ಲ, ಮೊದಲ ರೀಚಾರ್ಜ್‌ಗೆ ಡಬಲ್. ಇಂಥ ಕಡೆ ಹಣ ಹೋಗುವುದು ಬಾಡಿಗೆಗೆ ಪಡೆದ ಯಾರದೋ ಖಾತೆಗೆ. ಆ ಖಾತೆಯ ಮೇಲೆ ಎಲ್ಲೋ ಒಬ್ಬ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಅಲ್ಲಿಂದ ಗೆಲುವಿನ ಹಣ ಪಡೆದವನ ಖಾತೆಯೂ ಫ್ರೀಜ್ ಆಗಬಹುದು, ಸಂಬಳ ಸಮೇತ. ಅಷ್ಟೆಲ್ಲ ಹೇಳುವ ಮೊದಲು ಅವನದೇ ಫೋನಿನಲ್ಲಿ ಆ ಕ್ಯೂಆರ್ ಸ್ಕ್ಯಾನ್ ಮಾಡಿಸಿದ್ದಾಯಿತು. ಹಣ ಯಾರಿಗೆ ಹೋಗುತ್ತದೆ ಅನ್ನುವ ಜಾಗದಲ್ಲಿ ಯಾವುದೋ ಲೇಡೀಸ್ ಟೈಲರ್ ಅಂಗಡಿಯ ಹೆಸರಿತ್ತು.