ಹತ್ತು ಪೌಂಡಿಗೆ ಕೊಂಡ ಮನೆ: ಆಲ್‌ಫ್ರಿಸ್ಟನ್‌ನ ಕ್ಲರ್ಜಿ ಹೌಸ್

ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನಲ್ಲಿ ಬರ್ವಿಕ್ ನಿಲ್ದಾಣದಲ್ಲಿ ರೈಲಿಳಿದು, ಕಕ್ಮಿಯರ್ ನದಿಯ ಕಣಿವೆಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದರೆ ಆಲ್‌ಫ್ರಿಸ್ಟನ್ ಎಂಬ ಹಳ್ಳಿ ಸಿಗುತ್ತದೆ. ನಾವು ಅಲ್ಲಿಗೆ ಹೋದದ್ದು ಸೇಂಟ್ ಆಂಡ್ರ್ಯೂ ಚರ್ಚಿನ ಪಕ್ಕದಲ್ಲಿರುವ ಕ್ಲರ್ಜಿ ಹೌಸನ್ನು, ಎಂದರೆ ‘ಪಾದ್ರಿಗಳ ಮನೆ’ಯನ್ನು, ನೋಡಲೆಂದೇ. ಹಳೆಯ ಕಟ್ಟಡಗಳನ್ನೂ ಚೆಲುವಾದ ತಾಣಗಳನ್ನೂ ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಕೊಂಡ ಮೊತ್ತಮೊದಲ ಕಟ್ಟಡವಿದು. 1896ರಲ್ಲಿ ಅದಕ್ಕೆ ತೆತ್ತ ಬೆಲೆ 10 ಪೌಂಡ್.

ಕೆಂಟ್ ಮತ್ತು ಸಸೆಕ್ಸ್ ಸೀಮೆಯಲ್ಲಿ ಮಧ್ಯಯುಗದ ಕೊನೆಗೆ ಸ್ಥಿತಿವಂತ ರೈತರು ಕಟ್ಟಿಸುತ್ತಿದ್ದ, ‘ವೀಲ್ಡನ್’ ಎಂದು ಕರೆಯುವ ಮಾದರಿಯ ಮನೆಯಿದು. ಓಕ್ ಮರದ ಚೌಕಟ್ಟನ್ನು ನಿಲ್ಲಿಸಿ, ಅದರ ನಡುವಣ ಜಾಗಗಳಿಗೆ ತಡಿಕೆ ಹೆಣೆದು ಮಣ್ಣು ಮೆತ್ತಿ ಗೋಡೆ ಮಾಡಿದ್ದಾರೆ. ಈ ಮಾದರಿಯ ಜಾಣ್ಮೆ ತಿಳಿಯಬೇಕಾದರೆ ಎದುರಿಗೆ ನಿಂತು ಸೂರನ್ನು ಗಮನಿಸಬೇಕು. ಎರಡೂ ತುದಿಗಳಲ್ಲಿ ಮಹಡಿಯ ಕೋಣೆಗಳು ಕೆಳಗಿನ ಗೋಡೆಯನ್ನು ಮೀರಿ ಮುಂದಕ್ಕೆ ಚಾಚಿಕೊಂಡಿದ್ದರೆ, ನಡುವಿನ ಹಜಾರಕ್ಕೆ ಮಹಡಿಯೇ ಇಲ್ಲದ್ದರಿಂದ ಅದರ ಗೋಡೆ ಹಿಂದೆ ಸರಿದಿದೆ. ಆದರೂ ಮೂರಕ್ಕೂ ಹೊದಿಸಿರುವುದು ಒಂದೇ ಹುಲ್ಲಿನ ಛಾವಣಿ. ಹಜಾರದ ಮುಂದೆ ಹೀಗೆ ಖಾಲಿ ಉಳಿದ ಜಾಗದ ಮೇಲೆ ಸೂರು ಜೋಲದಂತೆ, ಬಿಲ್ಲಿನಂತೆ ಬಾಗಿದ ಓಕ್ ಆನಿಕೆಗಳು ಅದನ್ನು ಹೊತ್ತಿವೆ. ಅಲಂಕಾರವೆಂದು ತೋರುವ ಈ ಬಾಗುಮರಗಳು ನಿಜಕ್ಕೂ ಭಾರ ಹೊರುತ್ತಿವೆ ಎಂಬುದೇ ನನಗೆ ಈ ಮನೆಯ ದೊಡ್ಡ ಚೆಲುವು.

ಒಳಗೆ ಹಜಾರದಲ್ಲಿ ತಲೆಯೆತ್ತಿದರೆ ನೋಟ ನೇರವಾಗಿ ಛಾವಣಿಯ ಮರಗೆಲಸಕ್ಕೆ ಹೋಗುತ್ತದೆ. ಚಿಮಣಿಗಳು ಬಳಕೆಗೆ ಬರುವ ಮುನ್ನ ಇಂಥ ಮನೆಗಳಲ್ಲಿ ನೆಲದ ನಡುವೆಯೇ ಬೆಂಕಿ ಉರಿಸುತ್ತಿದ್ದರು; ಹೊಗೆ ಮೇಲೇರಿ ಛಾವಣಿಯಿಂದ ಹೊರಹೋಗಲೆಂದೇ ಹಜಾರವನ್ನು ಇಷ್ಟು ಎತ್ತರ ಬಿಡುತ್ತಿದ್ದರು. ನೆಲ ಸೀಮೆಸುಣ್ಣದ ಕಲ್ಲಿನದು. ಆ ಸೀಮೆಯ ಗುಡ್ಡಗಳಲ್ಲಿ ಸಿಗುವ ಆ ಕಲ್ಲನ್ನು ಕುಟ್ಟಿ, ದಮ್ಮಸು ಮಾಡಿ, ಗಟ್ಟಿಯಾಗಲೆಂದು ಹುಳಿ ಹಾಲನ್ನು ಕುಡಿಸಿದ್ದಾರೆ. ತೊಲೆಯೊಂದರ ಅಂಚಿನಲ್ಲಿ ಓಕ್ ಎಲೆಯ ಕೆತ್ತನೆಯಿದೆ. ಟ್ರಸ್ಟ್‌ನ ಲಾಂಛನಕ್ಕೆ ಇದೇ ಪ್ರೇರಣೆ ಎಂಬ ಮಾತೂ ಇದೆ.

19ನೇ ಶತಮಾನದ ಕೊನೆಯ ಹೊತ್ತಿಗೆ ಈ ಮನೆ ಪಾಳುಬಿದ್ದು, ಕೆಡವುವ ಮಾತು ನಡೆದಿತ್ತು. ಊರಿನ ಪಾದ್ರಿ ಎಫ್. ಡಬ್ಲ್ಯೂ. ಬೆಯ್ನನ್ ಅದನ್ನು ಉಳಿಸಲು ಓಡಾಡಿ, ಕೊನೆಗೆ 1895ರಲ್ಲಷ್ಟೇ ಹುಟ್ಟಿದ್ದ ಟ್ರಸ್ಟ್‌ನ ಮೊರೆಹೋದರು. ಸಂಸ್ಥಾಪಕರಲ್ಲಿ ಒಬ್ಬರಾದ ಆಕ್ಟೇವಿಯಾ ಹಿಲ್ ದುರಸ್ತಿಗಾಗಿ ಜನರಿಂದ ಹಣ ಕೇಳಿದರು. ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್ ಕೆಲಸವನ್ನು ವಹಿಸಿಕೊಂಡರು. ಅರಮನೆ, ಕೋಟೆಗಳಿರುವ ನಾಡಿನಲ್ಲಿ ಮಣ್ಣು ಮೆತ್ತಿದ ಗೋಡೆಯ ಹಳ್ಳಿಮನೆಯೊಂದರಿಂದ ಟ್ರಸ್ಟ್‌ನ ಕಟ್ಟಡ ಉಳಿಸುವ ಕೆಲಸ ಮೊದಲಾಯಿತೆಂಬುದು ಅವರೆಲ್ಲರ ಬಗ್ಗೆ ನನ್ನಲ್ಲಿ ಗೌರವ ಮೂಡಿಸಿತು.