ಹೊಸ ಮೂರು ಪ್ರಾಗ್ ಆಲ್ಬಮ್‌ಗಳು: ಮೊದಲ ವಾರದ ಟಿಪ್ಪಣಿ

ಈ ಸಲ ಪ್ರಾಗ್, ಅಂದರೆ ಪ್ರೋಗ್ರೆಸಿವ್ ರಾಕ್ ಬ್ಯಾಂಡ್‌ಗಳ ಮೂರು ಹಳೆಯ ಆಲ್ಬಮ್‌ಗಳ ಸಿಡಿ ತಗೊಂಡೆ, ನನಗೆ ಮೂರೂ ಹೊಸವು. ಕ್ಯಾಮಲ್‌ನ ‘ದಿ ಸ್ನೋ ಗೂಸ್’ (1975), ಕಿಂಗ್ ಕ್ರಿಮ್ಸನ್‌ನ ‘ರೆಡ್’ (1974), ವ್ಯಾನ್ ಡರ್ ಗ್ರಾಫ್ ಜನರೇಟರ್‌ನ ‘ಪಾನ್ ಹಾರ್ಟ್ಸ್’ (1971). ಯಾವ ಆಲ್ಬಮ್ ಆದರೂ ಮೊದಲ ಸಲ ಫೋನ್ ಮುಟ್ಟದೆ, ಸಾಹಿತ್ಯ ನೋಡದೆ ಪೂರ್ತಿ ಕೇಳುತ್ತೇನೆ. ನೋಟ್‌ಬುಕ್ ತೆಗೆಯುವುದು ಎರಡನೇ ಸಲಕ್ಕೆ.

ಭಾನುವಾರ: ‘ಸ್ನೋ ಗೂಸ್’. ಪಾಲ್ ಗ್ಯಾಲಿಕೋ ಬರೆದ ಕಥೆಯಿಂದ ಹುಟ್ಟಿದ ಸಂಗೀತ, ಆದರೆ ಹಾಡಿನ ಒಂದು ಸಾಲೂ ಇಲ್ಲ. ಆಂಡ್ರ್ಯೂ ಲ್ಯಾಟಿಮರ್ ಕೊಳಲು ಹಿಡಿದಾಗ ತುಂಬಾ ಹಿತ. ಚಿಕ್ಕ ಚಿಕ್ಕ ತುಣುಕುಗಳು ಒಂದಕ್ಕೊಂದು ಸೇರಿಕೊಂಡು ಹರಿಯುತ್ತವೆ. ಇಷ್ಟ ಆಯಿತು. ಬೆಳಗ್ಗೆ ಹೊತ್ತು ಕೇಳಲಿಕ್ಕೆ ಇಟ್ಟುಕೊಳ್ಳುತ್ತೇನೆ.

ಮಂಗಳವಾರ: ‘ರೆಡ್’. ಐದೇ ಟ್ರ್ಯಾಕ್. ಮೊದಲನೆಯದರಲ್ಲೇ ಗಿಟಾರ್ ಎಷ್ಟು ಭಾರ ಅಂದರೆ ವಾಲ್ಯೂಮ್ ಸ್ವಲ್ಪ ಇಳಿಸಿದೆ. ಆದರೆ ಈ ವಾರ ನನ್ನನ್ನು ಹಿಡಿದಿಟ್ಟಿದ್ದು ಕೊನೆಯ ‘ಸ್ಟಾರ್‌ಲೆಸ್’. ಹನ್ನೆರಡು ನಿಮಿಷದ ಹಾಡು. ಮೊದಲ ನಾಲ್ಕು ನಿಮಿಷದ ಆಸುಪಾಸಿಗೆ ಜಾನ್ ವೆಟನ್ ಹಾಡಿ ಮುಗಿಸುತ್ತಾರೆ. ಆಮೇಲೆ ಒಂದು ಮಾತೂ ಇಲ್ಲ. ಬಾಸ್ ಗಿಟಾರ್ ಒಂಟಿಯಾಗಿ ಒಂದೇ ತುಣುಕನ್ನು ಸುತ್ತಿ ಸುತ್ತಿ ನುಡಿಸಲು ಶುರುಮಾಡುತ್ತದೆ. ಒಂದು ಸುತ್ತಿಗೆ ಎಷ್ಟು ಬೀಟ್ ಅಂತ ಬೆರಳು ಮಡಚಿ ಎಣಿಸಿದೆ: ಹದಿಮೂರು. ಹನ್ನೆರಡಕ್ಕೆ ಸುತ್ತು ಮುಗಿಯಿತು ಅಂತ ಕಿವಿ ಅಂದುಕೊಳ್ಳುತ್ತದೆ, ಇನ್ನೊಂದು ಬಾಕಿ ಇರುತ್ತದೆ. ಆ ಒಂದರಿಂದಲೇ ಕೂತಲ್ಲಿ ಕೂರಲಾಗದ ಹಾಗೆ ಆಗುತ್ತದೆ.

ಅದರ ಮೇಲೆ ಗಿಟಾರಿಸ್ಟ್ ರಾಬರ್ಟ್ ಫ್ರಿಪ್ ಒಂದೇ ಸ್ವರವನ್ನು ಎರಡು ತಂತಿಗಳಲ್ಲಿ ಮೀಟುತ್ತಾ ಹೋಗುತ್ತಾರೆ. ಸೋಲೋ ಅಂದರೆ ಅಷ್ಟೇ! ಡ್ರಮ್ಮರ್ ಬಿಲ್ ಬ್ರೂಫರ್ಡ್ ಸುಮ್ನೆ ಅಲ್ಲೊಂದು ಇಲ್ಲೊಂದು ಮರದ ತುಂಡಿಗೆ ಹೊಡೆದ ಹಾಗೆ ಸದ್ದು ಮಾಡುತ್ತಾರೆ. ಸ್ವರ ನಿಧಾನಕ್ಕೆ ಮೇಲೇರುತ್ತದೆ, ಡ್ರಮ್ಸ್ ತುಂಬಿಕೊಳ್ಳುತ್ತದೆ, ಒಮ್ಮೆಲೇ ವೇಗ ಏರಿ ಸ್ಯಾಕ್ಸೋಫೋನ್ ನುಗ್ಗುತ್ತದೆ. ಕೊನೆಗೆ ಶುರುವಿನ ಆ ದುಃಖದ ರಾಗ ಸ್ಯಾಕ್ಸೋಫೋನ್‌ನಲ್ಲಿ ವಾಪಸ್ ಬಂದಾಗ ನನ್ನ ಕಣ್ಣು ಒದ್ದೆಯಾಯಿತು. ಅಷ್ಟು ಹೊತ್ತು ಒಂದೇ ಸ್ವರಕ್ಕೆ ಕಾದಿದ್ದರಿಂದಲೇ ಅದು ಹಾಗೆ ತಟ್ಟುತ್ತದೆ. ಪರೀಕ್ಷಿಸಲು ಮರುದಿನ ನೇರವಾಗಿ ಕೊನೆಯ ಭಾಗಕ್ಕೆ ಹೋದೆ. ಚೆನ್ನಾಗಿತ್ತು, ಆದರೆ ಕಣ್ಣು ಒದ್ದೆಯಾಗಲಿಲ್ಲ.

ಶುಕ್ರವಾರ: ‘ಪಾನ್ ಹಾರ್ಟ್ಸ್’. ಇದು ಇನ್ನೂ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ. ಪೀಟರ್ ಹ್ಯಾಮಿಲ್ ಪಿಸುಗುಟ್ಟುತ್ತಾ ಇದ್ದವರು ಮರುಕ್ಷಣ ಕಿರುಚುತ್ತಾರೆ. ಹ್ಯೂ ಬ್ಯಾಂಟನ್ ಆರ್ಗನ್ ನುಡಿಸುತ್ತಲೇ ಕಾಲಲ್ಲಿ ಪೆಡಲ್ ಒತ್ತಿ ಬಾಸ್ ಕೊಡುತ್ತಾರೆ, ಅದಕ್ಕೇ ತಳದ ಸದ್ದು ಬೇರೆ ಥರ. ಇಲ್ಲೂ ಫ್ರಿಪ್ ಅತಿಥಿಯಾಗಿ ಗಿಟಾರ್ ನುಡಿಸಿದ್ದಾರೆ. ‘ಮ್ಯಾನ್-ಅರ್ಗ್’ ಹಾಡು ಬೇಗ ಒಳಗಿಳಿಯಿತು. ದೀಪಸ್ತಂಭ ಕಾಯುವವನ ಬಗೆಗಿನ 23 ನಿಮಿಷದ ಕೊನೆಯ ಹಾಡಿನಲ್ಲಿ ಮಾತ್ರ ಎರಡು ಸಲವೂ ದಾರಿ ತಪ್ಪಿದೆ. ಆದರೂ ಅದರ ಕೊನೆಯ ಪಿಯಾನೋ ಭಾಗ ತಲೆಯಲ್ಲಿ ಉಳಿದುಬಿಟ್ಟಿದೆ. ನಾಳೆ ಸಾಹಿತ್ಯ ಮುಂದಿಟ್ಟುಕೊಂಡು ಮೊದಲಿನಿಂದ ಕೇಳುತ್ತೇನೆ.